ಅತ್ತಿಗೆ ತಟ್ಟಿದ ಬಾಗಿಲುಗಳು

ನನ್ನ ಅಣ್ಣನ ಹೆಂಡತಿ ಇಪ್ಪತ್ತೆರಡು ವರ್ಷಗಳ ಕಾಲ ಬಾಗಿಲು ತಟ್ಟುವ ಕೆಲಸ ಮಾಡಿದರು. ನೇಮಕದ ಕಾಗದದಲ್ಲಿ ಅವರ ಹುದ್ದೆಗೆ 'ಪಾಲಕರ ವಸತಿಗೃಹದ ಮೇಲ್ವಿಚಾರಕಿ' ಎಂಬ ಉದ್ದನೆಯ ಹೆಸರಿತ್ತು. ಅಣ್ಣ ಮಾತ್ರ ಅದನ್ನು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ತಾನು ಸ್ನಾನದ ಕೋಣೆಯಿಂದ ಟವೆಲಿಗಾಗಿ ಗಂಟಲು ಹರಿದುಕೊಂಡರೂ ಕಿವಿಗೆ ಹಾಕಿಕೊಳ್ಳದವಳು ಅಲ್ಲಿ ಹೋಗಿ ಕಂಡವರ ಬಾಗಿಲು ತಟ್ಟಿ ಏನು ಬೇಕಮ್ಮ ಎಂದು ಕೇಳುತ್ತಾಳೆ ಎಂದು ಬಂದವರೆದುರಿಗೆಲ್ಲ ದೂರು ಹೇಳುತ್ತಿದ್ದ. ಅತ್ತಿಗೆ ತಲೆ ಎತ್ತದೆ, "ಅಲ್ಲಿಯವರು ಒಂದೇ ಸಲ ಕರೀತಾರೆ," ಎಂದು ಬಿಡುತ್ತಿದ್ದರು.

ಅವರು ಕೆಲಸಕ್ಕಿದ್ದ ಮಕ್ಕಳ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ತೀವ್ರ ನಿಗಾ ಘಟಕವಿತ್ತು. ಹನ್ನೆರಡು ಹಾಸಿಗೆ. ತಾವಾಗಿ ಉಸಿರಾಡಲಾರದ ಮಕ್ಕಳು, ಎದೆ ತೆರೆದು ಹೊಲಿದ ಮಕ್ಕಳು, ಯಾವ ಕಾಯಿಲೆಯೆಂದು ಇನ್ನೂ ತಿಳಿಯದ ಮಕ್ಕಳು ಅಲ್ಲಿರುತ್ತಿದ್ದರು. ಹಾಸಿಗೆಯ ಬಳಿ ಒಬ್ಬರಿಗೆ ಮಾತ್ರ ಜಾಗ. ವೈದ್ಯರು ಸುತ್ತು ಬಂದಾಗ, ನಳಿಕೆ ಬದಲಾಯಿಸುವಾಗ ಆ ಒಬ್ಬರೂ ಹೊರಗೆ ಹೋಗಬೇಕು. ದೂರದಿಂದ ಬಂದವರಿಗೆಂದು ಆಸ್ಪತ್ರೆಯ ಹಿಂಭಾಗದಲ್ಲಿ ಹಳೆಯ ದಾದಿಯರ ಹಾಸ್ಟೆಲನ್ನು ವಸತಿಗೃಹ ಮಾಡಿದ್ದರು. ಓಣಿಯಂಥ ಉದ್ದನೆಯ ಒಂದು ಮೊಗಸಾಲೆ, ಅದರ ಎರಡು ಬದಿಯಲ್ಲಿ ಹನ್ನೊಂದು ಕೋಣೆ, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಪ್ರತಿ ಕೋಣೆಯಲ್ಲಿ ಎರಡು ಮಂಚ, ಒಂದು ಕನ್ನಡಿ, ಹಿಂದುಗಡೆ ಬಚ್ಚಲು. ಎಲ್ಲರ ಕೈಯಲ್ಲೂ ಮೊಬೈಲು ಇಲ್ಲದ ಕಾಲ ಅದು. ಓಣಿಯ ಬಾಯಲ್ಲಿ ಅತ್ತಿಗೆಯ ಮೇಜು, ಮೇಜಿನ ಮೇಲೆ ಒಂದು ದೂರವಾಣಿ. ಮೂರನೆಯ ಮಹಡಿಯಿಂದ ಕರೆ ಬಂದರೆ ಅತ್ತಿಗೆ ಎದ್ದು ಹೋಗಿ ಆ ಕೋಣೆಯ ಬಾಗಿಲು ತಟ್ಟಬೇಕು. ಮುಖ್ಯವಾದ ಕೆಲಸ ಅದೇ.

ಮೊದಲ ವರ್ಷ ಅವರು ಕರೆ ಬಂದಾಗ ಮಾತ್ರ ತಟ್ಟುತ್ತಿದ್ದರು. ಒಳ್ಳೆಯ ಸುದ್ದಿ ಹೇಳಲು ಮೇಲಿನವರಿಗೆ ಪುರುಸೊತ್ತು ಎಲ್ಲಿ? ಬಂದ ಕರೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟವೇ. ಹೀಗಾಗಿ ಓಣಿಯಲ್ಲಿ ಅವರ ಚಪ್ಪಲಿಯ ಸದ್ದಾದರೆ ಹನ್ನೊಂದು ಕೋಣೆಗಳಲ್ಲೂ ಮಾತು ನಿಂತುಹೋಗುತ್ತಿತ್ತು. ಒಂದು ದಿನ ಹಗ್ಗದಿಂದ ಹಾರಿ ಬಿದ್ದಿದ್ದ ಟವೆಲೊಂದನ್ನು ಕೊಡಲೆಂದು ಲಾರಿ ಚಾಲಕನೊಬ್ಬನ ಕೋಣೆ ತಟ್ಟಿದರು. ಬಾಗಿಲು ಪೂರ್ತಿ ತುಂಬುವಂಥ ಆಳು. ಬಾಗಿಲು ತೆರೆದು ಅತ್ತಿಗೆಯ ಮುಖ ನೋಡಿದವನೇ ಕೈಕಾಲು ಬಿಟ್ಟು ಹೊಸ್ತಿಲ ಮೇಲೆ ಕುಸಿದ. ಅವನ ಮಗು ಮೇಲೆ ಚೆನ್ನಾಗಿಯೇ ಇತ್ತು. ಅತ್ತಿಗೆ ಅದೇ ಟವೆಲನ್ನು ಒದ್ದೆ ಮಾಡಿ ಅವನ ಮುಖ ಒರೆಸುತ್ತ, "ಟವೆಲು ಕಣಪ್ಪ, ಬರೀ ಟವೆಲು," ಎಂದು ಹತ್ತು ಸಲ ಹೇಳಿದರಂತೆ.

ಮರುದಿನದಿಂದ ಅತ್ತಿಗೆ ಹೊಸದೊಂದು ಪದ್ಧತಿ ಹಿಡಿದರು. ದಿನವೂ ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಹನ್ನೊಂದು ಬಾಗಿಲುಗಳನ್ನೂ ತಟ್ಟುವುದು. ಬೆರಳಿನ ಗೆಣ್ಣಿನಿಂದ ಎರಡು ಸಲ, ಹಗುರವಾಗಿ. ನೀರು ಬರುತ್ತಿದೆಯೇ, ಬಟ್ಟೆ ಒಣಗಿದೆ ತೆಗೆದುಕೊಳ್ಳಿ, ಟೀ ಆಗಿದೆ. ಹೇಳಲು ಏನೂ ಇಲ್ಲದಿದ್ದರೆ ಸುಮ್ಮನೆ ಮುಖ ನೋಡಿ ಬರುವುದು. ಕೆಲವು ವಾರಗಳಲ್ಲಿ ಜನಕ್ಕೆ ಆ ಸದ್ದು ಅಭ್ಯಾಸವಾಯಿತು. ತಟ್ಟಿದರೆ ಎದೆ ಧಸಕ್ಕೆನ್ನುವುದು ನಿಂತಿತು. ಮಂಚದ ಮೇಲಿಂದಲೇ, "ಬಂದೆ ಅಕ್ಕಾ," ಎಂದು ಕೂಗುವಷ್ಟು ಸಲಿಗೆಯಾಯಿತು.

ಕೆಟ್ಟ ಕರೆ ಬಂದಾಗಲೂ ಅವರು ಹಾಗೆಯೇ ತಟ್ಟುತ್ತಿದ್ದರು. ಅದೇ ನಡಿಗೆ, ಅವೇ ಎರಡು ಪೆಟ್ಟು. ಓಡಿದರೆ ಉಳಿದ ಹತ್ತು ಕೋಣೆಯವರು ಜೀವ ಕೈಯಲ್ಲಿ ಹಿಡಿದುಕೊಂಡು ಕೂರುತ್ತಾರೆ. ಮುಚ್ಚಿದ ಬಾಗಿಲಿನಾಚೆಯಿಂದ ಸುದ್ದಿ ಹೇಳಬಾರದು. ಬಾಗಿಲು ತೆರೆಯಬೇಕು, ಮುಖ ಕಾಣಬೇಕು, ಕೈ ಹಿಡಿದುಕೊಂಡು ಹೇಳಬೇಕು. ಎಲ್ಲ ಕೋಣೆಗಳ ಕೀಲಿಯೂ ಅವರ ಸೊಂಟದಲ್ಲಿತ್ತು, ಆದರೆ ಜನರಿರುವ ಕೋಣೆಗೆ ಅದನ್ನು ಹಾಕುವುದಿಲ್ಲವೆಂದು ನೇಮ ಮಾಡಿಕೊಂಡಿದ್ದರು. ಮಗುವನ್ನೇ ಪರರ ಕೈಗೆ ಕೊಟ್ಟು ಕುಳಿತವರಿಗೆ ಬಾಗಿಲಾದರೂ ತಮ್ಮದಾಗಿರಲಿ ಎಂದು ನನಗೊಮ್ಮೆ ಹೇಳಿದ್ದರು. ಬೇರೆ ಆಸ್ಪತ್ರೆಗಳಿಂದ ಈ ಪದ್ಧತಿಯನ್ನು ನೋಡಲು ಜನ ಬಂದರು. ವಾರ್ಷಿಕ ವರದಿಯಲ್ಲಿ ಅತ್ತಿಗೆ ಬಾಗಿಲು ತಟ್ಟುತ್ತಿರುವ ಚಿತ್ರ ಅಚ್ಚಾಯಿತು. ಅಣ್ಣ ಅದನ್ನು ನೋಡಿ, ಎದುರಿನ ಬಾಗಿಲಿಗೆ ಬಣ್ಣ ಹೊಡೆಸಬೇಕಿತ್ತು ಎಂದ.

ನಾನು ನಿವೃತ್ತನಾದ ಮೇಲೆ ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗತೊಡಗಿದೆ. ಕಾಯಿಲೆಯ ಮಕ್ಕಳ ಜೊತೆಗೆ ಅವರ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಶಾಲೆ ಬಿಟ್ಟು ಬಂದಿರುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ಅವರಿಗೆ ಪಾಠ. ಮೂವತ್ತೈದು ವರ್ಷ ಪಾಠ ಮಾಡಿದ್ದೇನೆ, ಅಷ್ಟು ಶ್ರದ್ಧೆಯ ವಿದ್ಯಾರ್ಥಿಗಳು ಬೇರೆಲ್ಲೂ ಸಿಗಲಿಲ್ಲ. ಅವರತ್ತ ನೋಡುವವರು ಆ ದಿನಗಳಲ್ಲಿ ಇನ್ನಾರೂ ಇರಲಿಲ್ಲ. ಅವರೆಲ್ಲ ಅತ್ತಿಗೆಯನ್ನು 'ಟಕಟಕ ಅತ್ತೆ' ಎನ್ನುತ್ತಿದ್ದರು. ಕಾಗುಣಿತ ತಪ್ಪಿ ಪೆಚ್ಚಾದ ಹುಡುಗಿಯ ತಲೆಯ ಮೇಲೂ ಅತ್ತಿಗೆ ಬೆರಳಿನಿಂದ ಎರಡು ಸಲ ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುತ್ತಿದ್ದರು.

ಆರನೆಯ ಕೋಣೆಗೆ ಒಬ್ಬ ತಾಯಿ ಬಂದಳು. ಗುಂಡಿ, ದಾರ, ಲೇಸು ಮಾರುವ ಅಂಗಡಿಯಲ್ಲಿ ಅವಳ ಕೆಲಸ. ಬಂದ ಎರಡನೆಯ ದಿನ ನನ್ನ ಅಂಗಿಯಲ್ಲಿ ಒಂದು ಗುಂಡಿ ಬೇರೆ ಜಾತಿಯದೆಂದು ಹತ್ತು ಹೆಜ್ಜೆ ದೂರದಿಂದಲೇ ಹಿಡಿದಳು. "ಮೇಷ್ಟ್ರೇ, ಅದಕ್ಕೆ ನಾಲ್ಕು ಕಣ್ಣು, ಉಳಿದವಕ್ಕೆ ಎರಡೇ ಕಣ್ಣು," ಎಂದಳು. ಮಗಳಿಗೆ ಐದು ವರ್ಷ. ಹೃದಯದ ಶಸ್ತ್ರಚಿಕಿತ್ಸೆ ಆಗಿತ್ತು. ಆಮೇಲೆ ಶ್ವಾಸಕೋಶ ಸೋತು ಉಸಿರಾಟದ ಯಂತ್ರದಿಂದ ಬಿಡಿಸಲು ಆಗುತ್ತಿರಲಿಲ್ಲ. ಗಂಡ ದೂರದ ಗಿರಣಿಯಲ್ಲಿ ಪಾಳಿಯ ಮೇಲಿದ್ದ, ರಜೆಯ ದಿನ ಮಾತ್ರ ಬರುತ್ತಿದ್ದ. ಅವಳ ಅತ್ತೆ ಊರಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಹೀಗಾಗಿ ಹಾಸಿಗೆಯ ಪಕ್ಕದ ಕುರ್ಚಿ ಈ ತಾಯಿಯೊಬ್ಬಳದೇ. ಹತ್ತೊಂಬತ್ತು ದಿನ ಅವಳು ಅಲ್ಲಿಂದ ಅಲುಗಿದ್ದು ಕಡಿಮೆ. ತಾನು ಎದ್ದು ಹೋದ ಗಳಿಗೆಯಲ್ಲೇ ಮಗು ಹೋಗಿಬಿಡುತ್ತದೆ ಎಂಬ ಭಯ ಅವಳಿಗೆ ಗಟ್ಟಿಯಾಗಿ ಕೂತಿತ್ತು. ಹೋಗುವುದಾದರೆ ತನ್ನ ಕೈ ಹಿಡಿದುಕೊಂಡೇ ಹೋಗಲಿ, ಅಷ್ಟು ಸಾಕು ಎಂದು ಅತ್ತಿಗೆಯ ಬಳಿ ಹೇಳಿಕೊಂಡಿದ್ದಳು.

ಇಪ್ಪತ್ತನೆಯ ದಿನ ಬೆಳಿಗ್ಗೆ ವೈದ್ಯರು ಮಗು ಸುಧಾರಿಸಿದೆ ಎಂದರು. ಯಂತ್ರದ ಒತ್ತಡವನ್ನು ಸ್ವಲ್ಪ ಇಳಿಸಿದ್ದರು. ಮಧ್ಯಾಹ್ನ ಅತ್ತಿಗೆ ಮೇಲೆ ಹೋಗಿ ನೋಡಿದರೆ ತಾಯಿಯ ತಲೆಗೂದಲು ಜಡೆಗಟ್ಟಿದೆ, ಕಣ್ಣು ಗುಳಿ ಬಿದ್ದಿದೆ, ಕುಳಿತಲ್ಲೇ ಜೋಲಿ ಹೊಡೆಯುತ್ತಿದ್ದಾಳೆ. ಮಗು ಕಣ್ಣು ಬಿಟ್ಟಾಗ ಇಂಥ ಮುಖ ನೋಡಿದರೆ ಹೆದರಿಕೊಳ್ಳುತ್ತದೆ, ಕೆಳಗೆ ಹೋಗಿ ಸ್ವಲ್ಪ ಮಲಗು, ತಲೆಗೆ ಸ್ನಾನ ಮಾಡು ಎಂದು ರಮಿಸಿ ಗದರಿಸಿ ಹೇಳಿದರು. ಅವಳು ಒಪ್ಪಲಿಲ್ಲ.

"ಏನಾದ್ರೂ ಇದ್ರೆ ನಾನೇ ಬಂದು ತಟ್ತೀನಿ," ಎಂದರು ಅತ್ತಿಗೆ.

"ಖಂಡಿತ ತಟ್ತೀರಾ ಅಕ್ಕಾ?"

"ನನ್ನ ಕೆಲ್ಸಾನೇ ಅದು ಕಣೇ."

ಎರಡೂವರೆಗೆ ಅವಳು ಕೋಣೆಗೆ ಬಂದು ಮಲಗಿದಳು. ನಾನು ಅಡುಗೆಮನೆಯಲ್ಲಿ ಇಬ್ಬರು ಅಕ್ಕತಂಗಿಯರಿಗೆ ಉಕ್ತಲೇಖನ ಹೇಳುತ್ತಿದ್ದೆ. ಮೂರೂ ಮುಕ್ಕಾಲಿನ ಹೊತ್ತಿಗೆ ಆರನೆಯ ಕೋಣೆಯ ಬಚ್ಚಲಿನಲ್ಲಿ ನೀರು ಬಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ದೂರವಾಣಿ ರಿಂಗಣಿಸಿತು. ಅತ್ತಿಗೆ ಎತ್ತಿದರು, ಕೇಳಿದರು, ಇಟ್ಟರು. ಇಟ್ಟ ರೀತಿಯಲ್ಲಿ ವಿಶೇಷವೇನೂ ಇರಲಿಲ್ಲ. ಎಂದಿನ ನಡಿಗೆಯಲ್ಲಿ ಹೋಗಿ ಆರನೆಯ ಬಾಗಿಲನ್ನು ಎರಡು ಸಲ ತಟ್ಟಿದರು.

ಒಳಗಿನಿಂದ ತಾಯಿಯ ದನಿ ಬಂತು. "ಅಕ್ಕಾ, ತಲೆ ತುಂಬಾ ಸೋಪು. ಟೀ ಮುಚ್ಚಿಡಿ, ಬಂದು ಕುಡೀತೀನಿ."

ನಾಲ್ಕು ಗಂಟೆಗೆ ಹತ್ತು ನಿಮಿಷ ಇತ್ತು. ಅವಳು ಹಾಗೆ ತಿಳಿದದ್ದರಲ್ಲಿ ಏನು ತಪ್ಪು?

ಅತ್ತಿಗೆ ಮತ್ತೆ ಎರಡು ಸಲ ತಟ್ಟಿ, ಬಾಗಿಲು ಸ್ವಲ್ಪ ತೆಗೆಯಮ್ಮ ಎಂದರು. ಬಂದೆ ಬಂದೆ, ಐದೇ ನಿಮಿಷ ಎಂದು ತಾಯಿ ನೀರಿನ ಸದ್ದಿನ ಮೇಲಿಂದ ಕೂಗಿದಳು. ಕೂಗಿ ನಕ್ಕಳು. ಇಪ್ಪತ್ತು ದಿನಗಳಲ್ಲಿ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏಳನೆಯ ಕೋಣೆಯ ಬಾಗಿಲು ತೆರೆದು ಒಬ್ಬ ಅಜ್ಜಿ ಇಣುಕಿ, ಟೀ ಆಯಿತೇ ಎಂದು ಕೇಳಿದಳು. ಅತ್ತಿಗೆ ಅವಳ ಕಡೆ ತಿರುಗಿ ಮುಗುಳ್ನಕ್ಕರು. ಹೌದು, ನಕ್ಕರು, ನಾನು ಕಣ್ಣಾರೆ ಕಂಡೆ. ಅಜ್ಜಿಯ ಮೊಮ್ಮಗನೂ ಮೇಲೆ ಯಂತ್ರದ ಮೇಲಿದ್ದ, ಅವಳನ್ನು ಹೆದರಿಸಬಾರದಿತ್ತು. ಮತ್ತೆ ಬಾಗಿಲಿಗೆ ತಿರುಗಿ, ಎರಡು ಸಲ ತಟ್ಟಿದರು. ಅವರ ಎಡಗೈ ಸೊಂಟದ ಕೀಲಿಗೊಂಚಲಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಹದಿನೆಂಟು ವರ್ಷ ಕೈಗೆ ಕಲಿಸಿದ್ದನ್ನು ಕೈ ಒಂದು ಗಳಿಗೆಯಲ್ಲಿ ಮರೆಯಲಿಲ್ಲ.

ದೂರವಾಣಿ ಮತ್ತೆ ರಿಂಗಣಿಸಿತು. ನಾನೇ ಓಡಿಹೋಗಿ ಎತ್ತಿದೆ. ದಾದಿಯ ದನಿ. "ಹೊರಟ್ರಾ? ಇನ್ನೂ ಹೊರಟಿಲ್ವಾ?" ನಾನು ಓಣಿಯಲ್ಲಿ ನಿಂತು, ಅತ್ತಿಗೆ, ಕರೀತಿದಾರೆ ಎಂದೆ. ಆಗ ಅವರು ಎರಡೂ ಅಂಗೈಯಿಂದ ಬಾಗಿಲು ಬಡಿದರು. ಮಗುವಿನ ಹೆಸರು ಹಿಡಿದು ಕೂಗಿದರು. ಹನ್ನೊಂದು ಬಾಗಿಲುಗಳೂ ತೆರೆದವು.

ತಾಯಿ ಒದ್ದೆ ಮೈಮೇಲೆ ಒಂದು ನಿಲುವಂಗಿ ಎಳೆದುಕೊಂಡು, ತಲೆಯ ತುಂಬ ಸೋಪಿನ ನೊರೆ, ಬರಿಗಾಲಿನಲ್ಲಿ ಓಡಿದಳು. ಹಿಂದಿನ ಅಂಗಳ, ಕಬ್ಬಿಣದ ಗೇಟು, ಲಿಫ್ಟಿಗೆ ಕಾಯುವುದು, ಮೂರನೆಯ ಮಹಡಿಯ ಉದ್ದನೆಯ ಮೊಗಸಾಲೆ. ಅವಳು ತಲುಪಿದಾಗ ವೈದ್ಯರು ಮಗುವಿನ ಎದೆಯಿಂದ ಕೈ ತೆಗೆದು ಎರಡು ನಿಮಿಷವಾಗಿತ್ತು. ಮಗುವಿನ ಕೈ ಒಬ್ಬ ದಾದಿಯ ಕೈಯಲ್ಲಿತ್ತು. ದಾದಿ ಎದ್ದು ತನ್ನ ಜಾಗವನ್ನು ತಾಯಿಗೆ ಬಿಟ್ಟುಕೊಟ್ಟಳಂತೆ.

ಎರಡು ಗಂಟೆಯ ನಂತರ ಗಂಡನನ್ನು ಕಾಯುತ್ತ ಅವಳು ಮೊಗಸಾಲೆಯ ಬೆಂಚಿನ ಮೇಲೆ ಕುಳಿತಿದ್ದಳು. ಕೂದಲಿನಲ್ಲಿ ಸೋಪು ಒಣಗಿ ಬೆಳ್ಳಗಾಗಿತ್ತು. ಅತ್ತಿಗೆ ಹೋಗಿ ಪಕ್ಕದಲ್ಲಿ ಕುಳಿತರು. ನಾನು ಎದುರಿಗೆ ನಿಂತಿದ್ದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಗುಂಡಿಯ ಅಳತೆ ವಿಚಾರಿಸುವವಳ ಹಾಗೆ ಕೇಳಿದಳು.

"ದಿನಾ ತಟ್ಟೋ ಹಾಗೇ ಯಾಕೆ ತಟ್ಟಿದ್ರಿ?"

ಹದಿನೆಂಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದ ಉತ್ತರ ಅತ್ತಿಗೆಯಲ್ಲಿತ್ತು. ಅದನ್ನು ಆ ಮುಖದ ಮುಂದೆ ಹೇಳುವುದು ಹೇಗೆ?

ಆಸ್ಪತ್ರೆಯ ಕಾಗದಪತ್ರಗಳು ಕ್ರಮವಾಗಿ ತಯಾರಾದವು. ಅವುಗಳಲ್ಲಿ ಒಂದು ಹಾಳೆಯಲ್ಲಿ ಹೀಗಿತ್ತು: 'ಮೂರು ಗಂಟೆ ನಲವತ್ತೆಂಟು ನಿಮಿಷಕ್ಕೆ ವಸತಿಗೃಹಕ್ಕೆ ಕರೆ ಮಾಡಲಾಯಿತು. ಮೂರು ಗಂಟೆ ಐವತ್ತು ನಿಮಿಷಕ್ಕೆ ತಾಯಿಗೆ ತಿಳಿಸಲಾಯಿತು. ತಾಯಿಯು ನಾಲ್ಕು ಗಂಟೆ ಆರು ನಿಮಿಷಕ್ಕೆ ಆಗಮಿಸಿದರು.' ನನ್ನ ಕೈಗೆ ಉತ್ತರಪತ್ರಿಕೆಯಾಗಿ ಬಂದಿದ್ದರೆ ಕೆಂಪು ಶಾಯಿಗೆ ಎಲ್ಲೂ ಕೆಲಸವಿರಲಿಲ್ಲ. ಅದರ ಒಂದು ಪ್ರತಿ ಕುಟುಂಬಕ್ಕೆ ಹೋಯಿತು.

ಮೂರು ವಾರಗಳ ಬಳಿಕ ಆ ತಾಯಿ ವಸತಿಗೃಹಕ್ಕೆ ಕರೆ ಮಾಡಿದಳು. ಮನೆಗೆ ಮಾತನಾಡಿಸಲು ಬಂದವರಿಗೆಲ್ಲ ಅತ್ತೆ ಆ ಹಾಳೆಯನ್ನು ತೆಗೆದು ಓದಿಸುತ್ತಾಳಂತೆ. ಮಗು ಹೋಗುತ್ತಿದ್ದರೆ ಇವಳು ಹದಿನಾರು ನಿಮಿಷ ಕನ್ನಡಿ ಮುಂದೆ ಸಿಂಗಾರ ಮಾಡಿಕೊಳ್ಳುತ್ತಿದ್ದಳು ಎನ್ನುತ್ತಾಳಂತೆ. ಗಂಡ ಏನೂ ಹೇಳುವುದಿಲ್ಲವಂತೆ. ಆ ಒಂದು ಸಾಲನ್ನು ಬದಲಾಯಿಸಿ ಕೊಡಿಸುತ್ತೀರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

ಅತ್ತಿಗೆ ಅಂದೇ ಆಡಳಿತಾಧಿಕಾರಿಯ ಬಳಿಗೆ ಹೋದರು. ಅವನು ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದಸ್ಥ, ಎದ್ದು ನಿಂತು ಕುರ್ಚಿ ಕೊಟ್ಟ. ತಿಳಿಸಲಾಯಿತು ಎಂಬುದು ನಿಜವಲ್ಲ, ತಾನು ಬಾಗಿಲು ತಟ್ಟಿದೆ ಅಷ್ಟೆ, ಏನನ್ನೂ ತಿಳಿಸಲಿಲ್ಲ ಎಂದು ಅತ್ತಿಗೆ ಹೇಳಿದರು.

"ನಿಮ್ಮ ತಪ್ಪು ಏನೂ ಇಲ್ಲ ಅಂತಾನೇ ಬರೆದಿದೆಯಲ್ಲ ಮೇಡಂ," ಎಂದ ಅವನು. "ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ?"

ಅತ್ತಿಗೆ ಬಿಡಲಿಲ್ಲ. ಆಗ ಅವನು ನಿಧಾನವಾಗಿ ವಿವರಿಸಿದ. ಆ ಸಾಲು ಬದಲಾದರೆ ವಸತಿಗೃಹದ ಪದ್ಧತಿಯಲ್ಲೇ ದೋಷವಿದೆ ಎಂದು ಬರೆಯಬೇಕಾಗುತ್ತದೆ. ಆ ಪದ್ಧತಿಯನ್ನು ನೋಡಲು ಹೊರಗಿನಿಂದ ಜನ ಬಂದಿದ್ದಾರೆ, ವರದಿಯಲ್ಲಿ ಚಿತ್ರ ಅಚ್ಚಾಗಿದೆ. ಬೇಕಾದರೆ ಬರೆದುಕೊಡಿ, ಪರಿಶೀಲಿಸುತ್ತೇವೆ ಎಂದ.

ಬರೆದುಕೊಡಲು ಅತ್ತಿಗೆ ನನ್ನನ್ನು ಕೂರಿಸಿಕೊಂಡರು. ನಾನು ಎರಡು ಪುಟ ಬರೆದೆ. ದುರದೃಷ್ಟವಶಾತ್, ಸದುದ್ದೇಶದಿಂದ, ಅನಿವಾರ್ಯವಾಗಿ ಎಂಬ ಪದಗಳೆಲ್ಲ ಅದರಲ್ಲಿದ್ದವು. ಅತ್ತಿಗೆ ಪೆನ್ಸಿಲು ಹಿಡಿದು ಅವನ್ನೆಲ್ಲ ಹೊಡೆದುಹಾಕಿದರು. ನನ್ನ ಜೀವಮಾನದಲ್ಲಿ ನನ್ನ ಬರಹವನ್ನು ತಿದ್ದಿದವರು ಅವರೊಬ್ಬರೇ. ಕೊನೆಗೆ ಉಳಿದದ್ದು ಇಷ್ಟು: 'ನಾನು ಪ್ರತಿದಿನ ತಟ್ಟುವ ಹಾಗೆಯೇ ತಟ್ಟಿದೆ. ಪ್ರತಿದಿನ ತಟ್ಟುವ ಸಮಯವೂ ಅದಾಗಿತ್ತು. ಒಳಗಿದ್ದವರಿಗೆ ಬೇರೆ ಏನೂ ತಿಳಿಯುವಂತಿರಲಿಲ್ಲ. ನಾನು ಸುದ್ದಿಯನ್ನು ಕೂಗಿ ಹೇಳಲಿಲ್ಲ. ನನ್ನ ಬಳಿ ಕೀಲಿ ಇತ್ತು, ಅದನ್ನು ಬಳಸಲಿಲ್ಲ. ಮಲಗಲು ಕಳುಹಿಸಿದವಳೂ ನಾನೇ.' ಅದಕ್ಕೆ ಸ್ವೀಕೃತಿಯ ಮೊಹರು ಬಿತ್ತು. ಎರಡು ತಿಂಗಳು ಕಾದೆವು. ಕೇಳಿದಾಗಲೆಲ್ಲ ಕಡತ ಮೇಲಕ್ಕೆ ಹೋಗಿದೆ ಎಂದರು. ಮೇಲಿನಿಂದ ಅದು ಇಳಿಯಲಿಲ್ಲ.

ಕಾಗದ ಹೋಗದಿದ್ದರೆ ತಾವೇ ಹೋಗುವುದೆಂದು ಅತ್ತಿಗೆ ನಿರ್ಧರಿಸಿದರು. ಹೋಗಬೇಡ, ಕುಟುಂಬದೊಳಗಿನ ಬೆಂಕಿಗೆ ಕೈ ಹಾಕಬೇಡ ಎಂದು ಅಣ್ಣ ಹೇಳಿದ. ಆ ಸಲ ಅವನು ಹಾಸ್ಯ ಮಾಡಲಿಲ್ಲ. ಒಂದು ರಜೆಯ ದಿನ ನಾನು ಜೊತೆಗೆ ಹೊರಟೆ. ಬಸ್ಸಿನಲ್ಲಿ ಎರಡೂವರೆ ಗಂಟೆ. ಸೈಕಲ್ ರಿಪೇರಿಯ ಅಂಗಡಿಯೊಂದರ ಮೇಲೆ ಅವರ ಎರಡು ಕೋಣೆಗಳ ಮನೆ. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿತ್ತು. ಗಂಡ ಮನೆಯಲ್ಲಿದ್ದ. ಅತ್ತೆ ಕಿಟಕಿಯ ಬಳಿ ಕುಳಿತು ಚಿಕ್ಕ ಮಗುವಿನ ಉಗುರು ಕತ್ತರಿಸುತ್ತಿದ್ದಳು. ನಮ್ಮನ್ನು ಕೂರಿಸಿದರು, ನೀರು ಕೊಟ್ಟರು.

ಅತ್ತಿಗೆ ಎದ್ದು ನಿಂತು ಹೇಳಿದರು. ಶಾಲೆಯಲ್ಲಿ ಒಪ್ಪಿಸುವ ಮಗುವಿನಂತೆ, ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ. ಲಾರಿ ಚಾಲಕನ ಟವೆಲಿನಿಂದ ಹಿಡಿದು ಸೊಂಟದ ಕೀಲಿಯವರೆಗೆ. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಅತ್ತಿಗೆಯ ಮೇಲಿರಲಿಲ್ಲ. ಗಂಡನ ಮುಖದ ಮೇಲೇ ನೆಟ್ಟಿತ್ತು.

ಅತ್ತೆ ಕತ್ತರಿ ಕೆಳಗಿಟ್ಟಳು. "ನೀವು ಒಳ್ಳೆಯವರು ತಾಯಿ. ಇವಳನ್ನ ಬಿಟ್ಟುಕೊಡಬಾರದು ಅಂತ ಅಷ್ಟು ದೂರದಿಂದ ಬಂದಿದೀರಿ. ಆದ್ರೆ ಅಷ್ಟು ದೊಡ್ಡ ಆಸ್ಪತ್ರೆಯವರು ಸುಳ್ಳು ಬರೀತಾರಾ? ಮೊಹರು ಬೇರೆ ಹಾಕಿದಾರೆ."

ನಾನು ನಡುವೆ ಬಾಯಿ ಹಾಕಿ, ನಾನೂ ಅಲ್ಲೇ ಇದ್ದೆ, ಇವರು ಹೇಳಿದ್ದೆಲ್ಲ ಸತ್ಯ ಎಂದೆ. ಗಂಡ ಅದುವರೆಗೆ ನೆಲ ನೋಡುತ್ತ ಕುಳಿತಿದ್ದವನು ತಲೆ ಎತ್ತಿದ. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಅವಳು ಒಳಗೆ ನಗ್ತಾ ಇದ್ಳಂತೆ. ಪಕ್ಕದ ಕೋಣೆ ಅಜ್ಜಿ ಅಂದ್ರು. ಹೌದಾ?"

ಅತ್ತಿಗೆ ನನ್ನ ಕಡೆ ನೋಡಿದರು. ಸತ್ಯ ಹೇಳುತ್ತೇನೆಂದು ಬಂದವರು ಅಲ್ಲಿಗೆ ಬಂದು ಒಂದು ಮಾತನ್ನು ನುಂಗುವುದು ಹೇಗೆ? "ಹೌದು," ಎಂದರು. "ಮಗು ಸುಧಾರಿಸಿದೆ ಅಂತ ಡಾಕ್ಟ್ರು ಹೇಳಿದ್ರು. ಆ ಸಂತೋಷಕ್ಕೆ ನಕ್ಳು."

ಗಂಡನಿಗೆ ಮೊದಲನೆಯ ಮಾತಷ್ಟೇ ಸಾಕಾಗಿತ್ತು. ಅವನು ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸರಿಹೋಯಿತು ಎಂದು ಅತ್ತೆ ಮತ್ತೆ ಕತ್ತರಿ ಎತ್ತಿಕೊಂಡಳು.

ತಾಯಿ ನಮ್ಮೊಡನೆ ಮೆಟ್ಟಿಲ ಬುಡದವರೆಗೆ ಇಳಿದು ಬಂದಳು. ಅಂಗಡಿಯವನು ಟ್ಯೂಬೊಂದನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಅವಳು ದನಿ ತಗ್ಗಿಸಿ ಹೇಳಿದಳು.

"ನನಗೆ ಆ ಕಾಗದ ಬದಲಾಗಬೇಕಿತ್ತು ಅಕ್ಕಾ. ನೀವು ಬಂದಿದ್ದು ನಿಮ್ಮ ಸಮಾಧಾನಕ್ಕೆ."

ಬಸ್ಸು ನಮ್ಮ ನಿಲ್ದಾಣದ ಹತ್ತಿರ ಬಂದಾಗ ಅತ್ತಿಗೆ, "ಸರಿಯಾಗೇ ಹೇಳಿದ್ಳು," ಎಂದರು. ಆ ವಿಷಯದಲ್ಲಿ ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು. ಆ ತಾಯಿ ಮುಂದೆ ತವರಿಗೆ ಹೋದಳೋ, ಅಲ್ಲಿಯೇ ಉಳಿದಳೋ ನಮಗೆ ತಿಳಿಯಲಿಲ್ಲ. ಕೇಳುವ ಮುಖ ನಮಗಿರಲಿಲ್ಲ.

ಅತ್ತಿಗೆ ಕೆಲಸ ಬಿಡುತ್ತಾರೆಂದು ನಾನು ಎಣಿಸಿದ್ದೆ. ಬಿಡಲಿಲ್ಲ, ಇನ್ನೂ ಮೂರು ವರ್ಷ ಇತ್ತು, ಮುಗಿಸಿದರು. ಆಸ್ಪತ್ರೆಯವರು ಯಾವ ತಪ್ಪನ್ನೂ ಒಪ್ಪಿಕೊಳ್ಳದೆ ಪ್ರತಿ ಕೋಣೆಗೂ ಒಂದೊಂದು ವಿದ್ಯುತ್ ಗಂಟೆ ಹಾಕಿಸಿದರು. ವಸತಿಗೃಹ ಮೊದಲಿಗಿಂತ ಚೊಕ್ಕಟವಾಗಿತ್ತು, ಹೊದಿಕೆಗಳು ಹಾಸಿದಂತೆಯೇ ಇರುತ್ತಿದ್ದವು. ತಾಯಂದಿರು ಹಗಲೆಲ್ಲ ಮೂರನೆಯ ಮಹಡಿಯ ಬೆಂಚುಗಳ ಮೇಲೆ ಗೋಡೆಗೆ ತಲೆ ಆನಿಸಿ ಕುಳಿತಿರುತ್ತಿದ್ದರು. ಸಿಕ್ಕುಗಟ್ಟಿದ ಕೂದಲು, ಊದಿದ ಪಾದ. ಅತ್ತಿಗೆ ಅವರಿಗೆ ಅಲ್ಲಿಗೇ ಟೀ ಒಯ್ದು ಕೊಡುತ್ತಿದ್ದರು, ಬೆನ್ನಿಗೆ ದಿಂಬು ಕೊಡುತ್ತಿದ್ದರು. ಹೋಗಿ ಸ್ವಲ್ಪ ಮಲಗು ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಹನ್ನೊಂದು ಕೋಣೆಗಳಿದ್ದೂ ಜನ ಯಾಕೆ ಬೆಂಚಿನ ಮೇಲೆ ಕೂರುತ್ತಾರೆ ಎಂದು ಅಧಿಕಾರಿ ಒಮ್ಮೆ ನನ್ನೆದುರಿಗೇ ಕೇಳಿದ.

"ಅವರಿಗೆ ನಿದ್ದೆ ಬರಲ್ವಂತೆ," ಎಂದರು ಅತ್ತಿಗೆ.

ಅವನು ಅದನ್ನು ಬರೆದುಕೊಂಡ.